ಹೆಂಗಸರ ಪುಟದಲ್ಲಿ ಸುದ್ದಿ ಇರುವುದಿಲ್ಲವಂತೆ!

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪತ್ರಿಕಾ ಕಚೇರಿಯ ಎರಡನೇ ಮಹಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ರಾತ್ರಿ ಪಾಳಿಯವರು ಬಿಟ್ಟುಹೋದ ಟೀ ಲೋಟಗಳನ್ನು ಮೂಲೆಗೆ ಸರಿಸಿ, ಕೀಬೋರ್ಡಿನ ಮೇಲಿದ್ದ ಬಿಸ್ಕತ್ತಿನ ಪುಡಿಯನ್ನು ಊದಿ, ಕನ್ನಡಕ ಒರೆಸಿಕೊಂಡು ಪುಟದಕ್ಕ ಕೆಲಸಕ್ಕೆ ಕೂರುತ್ತಾರೆ. ಕಚೇರಿಯಲ್ಲಿ ಎಲ್ಲರೂ ಅವರನ್ನು ಕರೆಯುವುದೇ ಹಾಗೆ. ಹೆಂಗಸರ ಪುಟ ಮಾಡುವ ಅಕ್ಕ, ಆದ್ದರಿಂದ ಪುಟದಕ್ಕ.

ಇಷ್ಟು ಬೇಗ ಬರುವ ಶ್ರದ್ಧೆಯನ್ನು ಹೊಗಳಲು ಹೋದವರಿಗೆ ಅವರಿಂದ ಸರಿಯಾಗಿ ಸಿಗುತ್ತದೆ. "ಶ್ರದ್ಧೆನೂ ಇಲ್ಲ, ಮಣ್ಣೂ ಇಲ್ಲ. ಇದು ಕ್ರೀಡಾ ವಿಭಾಗದವರ ಮೇಜು. ಅವರು ಬರೋದ್ರೊಳಗೆ ನಾನು ಮುಗಿಸಿ ಏಳ್ಬೇಕು." ಇಪ್ಪತ್ತಾರು ವರ್ಷ ದುಡಿದ ಹೆಂಗಸಿಗೆ ಆ ಕಟ್ಟಡದಲ್ಲಿ ಸ್ವಂತ ಮೇಜಿಲ್ಲ. ಚೆಂಡಿಗೆ ಇದೆ.

ಮನೆ ಬಿಡುವಾಗ ಗಂಡ ಮುಸುಕು ಹೊದ್ದು ಮಲಗಿರುತ್ತಾರೆ. "ಹಾಲು ಕಾಯಿಸ್ಕೊಳ್ರೀ" ಎಂದರೆ ಮುಸುಕಿನೊಳಗಿಂದಲೇ ಉತ್ತರ: "ಹೇಗೆ ಕಾಯಿಸೋದು ಅಂತ ನಿನ್ನ ಪುಟದಲ್ಲಿ ಬರಿ, ಓದ್ಕೊಂಡು ಕಾಯಿಸ್ತೀನಿ."

"ಬರ್ದಾಯ್ತು. ನೀವು ಓದ್ಲಿಲ್ಲ" ಎಂದು ಬಾಗಿಲು ಎಳೆದುಕೊಂಡು ಹೊರಡುತ್ತಾರೆ ಪುಟದಕ್ಕ.

ಕೆಲಸಕ್ಕೆ ಸೇರುವಾಗ ಅವರು ಬರೆದದ್ದು ಸುದ್ದಿ ವಿಭಾಗದ ಪರೀಕ್ಷೆ, ಬಂದದ್ದು ಮೊದಲ ಸ್ಥಾನ. ಆದರೂ ಕೈಗೆ ಕೊಟ್ಟದ್ದು ಹೆಂಗಸರ ಪುಟ. ಅಲ್ಲಿಯವರೆಗೆ ಆ ಪುಟ ನಡೆಸುತ್ತಿದ್ದವರು ದಪ್ಪ ಮೀಸೆಯ ಹಿರಿಯ ಉಪಸಂಪಾದಕರು. ಗಂಡನ ಮನಸ್ಸು ಗೆಲ್ಲುವುದು ಹೇಗೆ ಎಂದು ವಾರವಾರ ಬರೆದು, ಕೆಳಗೆ "ಇಂತಿ ನಿಮ್ಮ ಅಕ್ಕ" ಎಂದು ಸಹಿ ಮಾಡುತ್ತಿದ್ದರು. "ಪಾಪ, ಅವರ ಹೆಂಡತಿ ತವರಿಗೆ ಹೋದೋರು ವಾಪಸ್ ಬಂದೇ ಇರ್ಲಿಲ್ಲ" ಎಂದು ನಗುತ್ತಾರೆ ಪುಟದಕ್ಕ. ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ಆಮೇಲೆ ಪುಟದ ಹೆಸರು ಬದಲಾಗುತ್ತಾ ಹೋಯಿತು. "ಗೃಹಿಣಿ" ಹೋಗಿ "ಮಹಿಳಾ ಲೋಕ" ಬಂತು, ಅದೂ ಹೋಗಿ "ಅವಳು" ಬಂತು. ಬೋರ್ಡು ಹೊಸದು, ಅಂಗಡಿಯಲ್ಲಿ ಸರಕು ಅದೇ: ಕೂದಲು, ಮೊಡವೆ, ಮಗುವಿನ ಹಲ್ಲು. ದೊಡ್ಡ ಜಾಹೀರಾತು ಬಂದ ದಿನ ಮೊದಲು ಕಿತ್ತು ಹಾಕುತ್ತಿದ್ದದ್ದು ಈ ಪುಟವನ್ನೇ. ಮೇಲಿನವರು ಯಾರೂ ಅದನ್ನು ಓದುತ್ತಲೂ ಇರಲಿಲ್ಲ.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಪುಟದಕ್ಕನ ಕೈಯಿಂದ ಒಂದು ತಪ್ಪಾಯಿತು. ಚರ್ಮದ ಕಾಂತಿಗೆ ದಿನಕ್ಕೆ ಎಂಟು ಲೋಟ ನೀರು ಕುಡಿಯಿರಿ ಎಂದು ಬರೆದರು. ಮೂರನೇ ದಿನ ಹೊಲಿಗೆ ಕಾರ್ಖಾನೆಯ ಹೆಂಗಸೊಬ್ಬಳು ಕಾವಲುಗಾರನನ್ನು ದಬ್ಬಿಕೊಂಡು ಮೇಲೆ ಬಂದಳು.

"ಎಂಟು ಲೋಟ ಕುಡೀರಿ ಅಂತ ಬರ್ದಿದ್ದು ನೀವೇನಾ?"

"ಹೌದಮ್ಮಾ."

"ಕುಡಿದು ಎಲ್ಲಿಗೆ ಹೋಗ್ಲಿ ತಾಯೀ? ನಿಮ್ಮ ಪೇಪರ್ ಮೇಲಾ?"

ಕಾರ್ಖಾನೆಯ ಶೌಚಾಲಯಕ್ಕೆ ಬೀಗ ಹಾಕಿರುತ್ತಿತ್ತು. ಬೀಗದ ಕೈ ಮೇಲ್ವಿಚಾರಕನ ಜೇಬಿನಲ್ಲಿ. ಊಟದ ಹೊತ್ತು ಬಿಟ್ಟರೆ ಬೇರೆ ಹೊತ್ತಿನಲ್ಲಿ ತೆರೆಯುತ್ತಿರಲಿಲ್ಲ. ಕೇಳಿದವಳಿಗೆ ಎಲ್ಲರೆದುರು ಬೈಗುಳ. ಅದಕ್ಕೇ ಹೆಂಗಸರು ಬೆಳಗಿನಿಂದ ಒಂದು ಗುಟುಕು ನೀರೂ ಕುಡಿಯದೆ ಹೊಲಿಯುತ್ತಿದ್ದರು. ಜ್ವರ ಬಂದು, ಉರಿಮೂತ್ರವಾಗಿ, ಒಬ್ಬೊಬ್ಬರೇ ಆಸ್ಪತ್ರೆ ಸೇರುತ್ತಿದ್ದರು.

"ನನಗೆ ಕಪಾಳಕ್ಕೆ ಹೊಡೆದ ಹಾಗಾಯ್ತು" ಎನ್ನುತ್ತಾರೆ ಪುಟದಕ್ಕ. ಒಂದು ವಾರ ಆ ಹೆಂಗಸರ ಮನೆಗಳಿಗೆ ಹೋಗಿ, ಅವರು ಸೊಪ್ಪು ಬಿಡಿಸುತ್ತಾ, ಮಕ್ಕಳ ತಲೆ ಬಾಚುತ್ತಾ ಹೇಳಿದ್ದನ್ನು ಕೇಳಿ ವರದಿ ಬರೆದರು. ಮುಖ್ಯ ವರದಿಗಾರರು ಅರ್ಧ ಓದಿ ಹಿಂದಕ್ಕೆ ತಳ್ಳಿದರು: "ಇದು ಸುದ್ದಿ ಅಲ್ಲ ಮೇಡಂ, ಹೆಂಗಸರ ಸಮಸ್ಯೆ. ನಿಮ್ಮ ಪುಟದಲ್ಲೇ ಹಾಕ್ಕೊಳ್ಳಿ."

ಹಾಕಿಕೊಂಡರು. ತಲೆಹೊಟ್ಟಿನ ಔಷಧಿಗೂ ಸ್ವೆಟರ್ ಹೆಣಿಗೆಗೂ ನಡುವೆ ಆ ವರದಿ ಬಂತು. ಹೆಂಗಸರು ಓದಿದರು, ಓದಲು ಬಾರದವರಿಗೆ ಓದಿ ಹೇಳಿದರು. ಮುಂದಿನ ವಾರ ಕಾರ್ಖಾನೆಯ ಗೇಟಿನ ಹೊರಗೆ ಎಲ್ಲರೂ ಹೊಲಿಗೆ ಬಿಟ್ಟು ಕೂತರು. ಬೀಗ ತೆಗೆಯುವವರೆಗೆ ಏಳಲಿಲ್ಲ.

ಆಗ ಅದು ಸುದ್ದಿಯಾಯಿತು. ಮೊದಲ ಪುಟ, ದೊಡ್ಡ ಫೋಟೋ, ಕೆಳಗೆ ಯಾವನೋ ವರದಿಗಾರನ ಹೆಸರು. ವರ್ಷದ ಕೊನೆಗೆ ಅವನಿಗೆ ಪ್ರಶಸ್ತಿಯೂ ಬಂತು.

"ಶೀರ್ಷಿಕೆ ಏನು ಗೊತ್ತಾ? 'ಮಹಿಳಾ ಕಾರ್ಮಿಕರ ದಿಢೀರ್ ಪ್ರತಿಭಟನೆ.' ದಿಢೀರ್ ಅಂತೆ!" ಇಷ್ಟು ವರ್ಷವಾದರೂ ಆ ಪದ ಹೇಳುವಾಗ ಅವರ ಕೈ ಮೇಜಿಗೆ ಬಡಿಯುತ್ತದೆ. "ವರ್ಷಗಟ್ಟಲೆ ಹೊಟ್ಟೆ ಹಿಡ್ಕೊಂಡು ಕೂತಿದ್ರು ಅವರು. ಇವರಿಗೆ ದಿಢೀರ್!"

ಕಳೆದ ವಾರ ಆ ಪುಟವನ್ನೇ ಮುಚ್ಚಿದರು. ಹೊಸ ಸಂಪಾದಕರಿಗೆ ಪುಟದಕ್ಕನ ಮಗಳ ವಯಸ್ಸು. ಕುರ್ಚಿ ಎಳೆದು ಕೂರಿಸಿ, ಬಹಳ ಮರ್ಯಾದೆಯಿಂದಲೇ ಹೇಳಿದರು. "ಈ ಕಾಲದಲ್ಲಿ ಪ್ರತ್ಯೇಕ ಪುಟ ಯಾಕೆ ಮೇಡಂ? ಮಹಿಳೆಯರು ಎಲ್ಲ ಪುಟದಲ್ಲೂ ಇದ್ದಾರಲ್ಲ!"

ಪುಟದಕ್ಕ ಅಂದಿನ ಪತ್ರಿಕೆಯನ್ನು ಅವರ ಮುಂದೆ ಬಿಡಿಸಿ ಹುಡುಕಿದರು. ಒಬ್ಬಳು ಸೋಪು ಹಿಡಿದುಕೊಂಡಿದ್ದಳು. ಒಬ್ಬಳು ಕೊಲೆಯಾಗಿದ್ದಳು. ಇನ್ನೊಬ್ಬಳು ಮಂತ್ರಿಯ ಪಕ್ಕದಲ್ಲಿ ಹೂಗುಚ್ಛ ಹಿಡಿದು ನಿಂತಿದ್ದಳು, ಫೋಟೋದಲ್ಲಿ ಅರ್ಧ ಕತ್ತರಿಸಿಹೋಗಿದ್ದಳು. "ಸರಿ ಸಾರ್, ಮುಚ್ಚಿ" ಎಂದರು ಪುಟದಕ್ಕ. "ಬೀಳ್ಕೊಡುಗೆ, ಭಾಷಣ ಏನೂ ಬೇಡ. ಬೆಳಗಿನ ಸುದ್ದಿ ಸಭೆಗೆ ನಾನೂ ಬರ್ತೀನಿ." ಯಾವ ಸುದ್ದಿ ಎಲ್ಲಿಗೆ ಎಂದು ತೀರ್ಮಾನವಾಗುವುದು ಆ ಸಭೆಯಲ್ಲಿ. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಅವರನ್ನು ಅಲ್ಲಿಗೆ ಕರೆದಿರಲಿಲ್ಲ. ಸಂಪಾದಕರು ತಲೆಯಾಡಿಸಿದರು.

ಈ ಲೇಖನ ತಮ್ಮ ಬಗ್ಗೆ ಎಂದು ಗೊತ್ತಾದಾಗ ಅವರು ಹೇಳಿದ್ದು ಒಂದೇ ಮಾತು: "ಎಲೆಮರೆಯ ಕಾಯಿ ಅಂತ ಬರೀತೀರಾ? ಬರೀರಿ. ಎಲೆ ಅಡ್ಡ ಹಿಡಿದಿದ್ದು ಯಾರು ಅಂತಾನೂ ಬರೀರಿ."

ಈ ಸೋಮವಾರ ಅವರು ಸಭೆಗೆ ಹೋಗುತ್ತಾರೆ. ಉದ್ದದ ಮೇಜು, ಸುತ್ತ ಗಂಡಸರು. ಮುಷ್ಕರ, ಚುನಾವಣೆ, ಸೇತುವೆ ಎಲ್ಲ ಮುಗಿದ ಮೇಲೆ ಅವರ ಸರದಿ. ಆಸ್ಪತ್ರೆಯಲ್ಲಿ ಕಸ ಎತ್ತುವಾಗ ಬಳಸಿದ ಸೂಜಿ ಚುಚ್ಚಿಸಿಕೊಂಡ ಆಯಾಗಳಿಗೆ ಪರೀಕ್ಷೆಯಿಲ್ಲ, ಔಷಧಿಯಿಲ್ಲ. ಕೈ ತೊಳೆದುಕೊಳ್ಳಿ ಎಂದು ಹೇಳಿ ಮನೆಗೆ ಕಳಿಸುತ್ತಿದ್ದಾರೆ. ಅಂಥವರಲ್ಲಿ ಕೆಲವರನ್ನು ತಾವೇ ಕಂಡು ಮಾತಾಡಿಸಿ ಬಂದಿದ್ದಾರೆ.

ಅದೇ ಮುಖ್ಯ ವರದಿಗಾರರು, ತಲೆ ಈಗ ಬೆಳ್ಳಗಾಗಿದೆ, ಗಂಟಲು ಸರಿ ಮಾಡಿಕೊಳ್ಳುತ್ತಾರೆ. "ಒಳ್ಳೆ ವಿಷಯ ಮೇಡಂ. ಆದ್ರೆ ಇದು ಸ್ವಲ್ಪ ಆ ಕಡೆ... ಹೆಂಗಸರ..."

"ಆ ಕಡೆ ಅನ್ನೋದೇ ಇಲ್ವಲ್ಲ ಸಾರ್" ಎನ್ನುತ್ತಾರೆ ಪುಟದಕ್ಕ. "ಮುಚ್ಚಿದ್ದೀರಿ. ಇನ್ನು ಎಲ್ಲಿಗೆ ಕಳಿಸ್ತೀರಿ?"

ಸಂಪಾದಕರು ಮುಖ್ಯ ವರದಿಗಾರರ ಮುಖ ನೋಡುತ್ತಾರೆ, ಅವರು ತಮ್ಮ ಪೆನ್ನು ನೋಡುತ್ತಾರೆ. "ಸರಿ, ಮೊದಲ ಪುಟ" ಎನ್ನುತ್ತಾರೆ ಕೊನೆಗೆ ಸಂಪಾದಕರು. "ವಿವರ ಹೇಳಿ ಮೇಡಂ, ನಮ್ಮ ಹುಡುಗರು ಬರ್ಕೊಳ್ತಾರೆ."

"ಅವರ್ಯಾಕೆ ಬರ್ಕೋಬೇಕು?" ಎನ್ನುತ್ತಾರೆ ಪುಟದಕ್ಕ. "ಬರೆಯೋಳು ನಾನಿದ್ದೀನಿ."