ಕೆಂಪುಗಣ್ಣಿಗೆ ಹೆದರುವ ಮಾಲತೇಶಪ್ಪ

ಬ್ಯಾಡಗಿಯಲ್ಲಿ ಔಷಧಿ ಅಂಗಡಿ ಇಟ್ಟಿರುವ ಮಾಲತೇಶಪ್ಪನಿಗೆ ಕೆಂಪುಗಣ್ಣು ಕಂಡರೆ ಎದೆ ಝಲ್ಲೆನ್ನುತ್ತದೆ. ಜ್ವರದ ಗುಳಿಗೆಗೆ ಬಂದವರ ಕಣ್ಣಿಗೂ ಬ್ಯಾಟರಿ ಬಿಟ್ಟು ನೋಡುತ್ತಾನೆ. ಹೋದ ತಿಂಗಳು ಮೆಣಸಿನಕಾಯಿ ತೊಟ್ಟು ಬಿಡಿಸುವ ಮರಿಯವ್ವ ಬಂದು, “ಅಣ್ಣಾರ, ಉರಿ ಕಡಿಮಿ ಆಗೋ ಆ ಹಳೇ ಡ್ರಾಪ್ಸ್ ಕೊಡ್ರಿ” ಎಂದಳು. ಅವನು ಅವಳ ಕೆಂಪಾದ ಕಣ್ಣಿಗೆ ಬ್ಯಾಟರಿ ಬಿಟ್ಟ; ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡಿತು. “ಬ್ಯಾಡಬೇ ಯವ್ವಾ, ಹುಣ್ಣಾಗೇತಿ. ಹುಣ್ಣಿನ್ಯಾಗ ಕೊಲಾಜಿನೇಸ್ ಅಂತ ಒಂದು ರಸ ಹುಟ್ಟಿ ಕರಿಗುಡ್ಡಿ ಮ್ಯಾಲಿನ ಪರದೇನ ಕರಗಸ್ತೈತಿ. ಆ ಡ್ರಾಪ್ಸಿನ್ಯಾಗ ಸ್ಟಿರಾಯ್ಡ್ ಐತಿ, ಅದು ಬಿದ್ರ ಆ ರಸಕ್ಕ ಮತ್ತಷ್ಟು ಜೋರ ಬರ್ತೈತಿ. ಈಗಿಂದೀಗ ರಾಣೆಬೆನ್ನೂರಿನ ಕಣ್ಣಿನ ಡಾಕ್ಟರ ಕಡೆ ನಡಿ.” “ನಾಳೆ ಹೋಗತೇನ್ರಿ.” “ನಾಳೆಗೆ ತೂತು ಬಿದ್ದಿರತೈತಿ!” ಎಂದು ಅಂಗಡಿ ಮುಚ್ಚಿ, ತಾನೇ ಅವಳನ್ನು ಕರೆದೊಯ್ದ. ಮರಿಯವ್ವನ ಕಣ್ಣು ಉಳಿಯಿತು. ೨೦೦೩ರಲ್ಲಿ ಅವನ ಹೆಂಡತಿ ಸುರೇಖಾಳದು ಉಳಿದಿರಲಿಲ್ಲ. ಅದೇ ಡ್ರಾಪ್ಸನ್ನು ಅವನೇ ಹಾಕಿದ್ದ, ಒಂದು ಹೊತ್ತೂ ತಪ್ಪಿಸದೆ.