ಗದ್ದದ ಕೆಳಗಿನ ಉರಿ

ಮಿರಜ ಪೇಟೆಯ ಒಂದು ಹಲ್ಲಿನ ಸ್ಕ್ಯಾನ್ ಕೇಂದ್ರದಲ್ಲಿ ಯಂತ್ರ ನಡೆಸುವವನು ಗಂಗಾರಾಮ. ಊರು ಬೇಡಗ, ತಂದೆತಾಯಿ ಅಥಣಿ ಕಡೆಯಿಂದ ಕೂಲಿಗೆ ಬಂದವರು. ಇಪ್ಪತ್ತನೆಯ ವಯಸ್ಸಿಗೆ ಎಕ್ಸ್‌ರೇ ಫಿಲ್ಮ್ ತೊಳೆಯುವ ಕೆಲಸಕ್ಕೆ ಸೇರಿದ. ಕೆಂಪು ದೀಪದ ಕೆಳಗೆ, ತಟ್ಟೆಯ ನೀರಿನಿಂದ, ಪರಿಚಯವಿಲ್ಲದವರ ದವಡೆಗಳು ಮೇಲೇಳುವುದನ್ನು ಎಂಟು ವರ್ಷ ನೋಡಿದ. ಆಮೇಲೆ ಪರೀಕ್ಷೆಗೆ ಕಟ್ಟಿ ತಂತ್ರಜ್ಞನಾದ. ಈಗ ಐವತ್ತೆರಡು. ಪರದೆಯ ಮೇಲೆ ಬುರುಡೆ ಮೂಡುವ ಮೊದಲು ಗಾಜಿನಾಚೆ ಕೂತವರ ಮುಖವನ್ನು ಒಮ್ಮೆ ನೋಡಿಕೊಳ್ಳುತ್ತಾನೆ. ಅದು ತಪ್ಪಿದ ದಿನ ಬಸ್ಸಿನಲ್ಲಿ ಎದುರು ಕೂತವರಲ್ಲೂ ಬುರುಡೆಯೇ ಕಾಣುತ್ತದೆಂದು ನನಗೆ ಹೇಳಿದ್ದ.

ಕೆಲಸದಲ್ಲಿ ಅವನದೊಂದು ಹಟ. ಡಾಕ್ಟರು ಕೇಳಿದ ಪ್ರಶ್ನೆಗೆ ಉತ್ತರ ಸಿಗುವಷ್ಟು ಸ್ಪಷ್ಟತೆ ಸಾಕು. ಚಿತ್ರ ನುಣುಪಾದಷ್ಟೂ ಕಿರಣ ಹೆಚ್ಚು; ಅದರ ಕೆಡುಕು ದೊಡ್ಡವರಿಗಿಂತ ಮಕ್ಕಳಿಗೆ ಜಾಸ್ತಿ. ಕೇಂದ್ರದ ಮಾಲೀಕ, ಯುವ ಡಾಕ್ಟರ್ ಸೌರಭನಿಗೆ ಮಾತ್ರ ಹೊಳೆಯುವ ಚಿತ್ರವೇ ಬೇಕು.

ಹೋದ ವರ್ಷ ಶ್ರಾವಣದ ಒಂದು ಮಧ್ಯಾಹ್ನ ಸಾಂಗಲಿಯ ಅರಿಸಿನ ವ್ಯಾಪಾರಿ ಮನೆತನದ ಗಿರಿಜಾಬಾಯಿ ಹನ್ನೊಂದು ವರ್ಷದ ಮೊಮ್ಮಗಳು ಋತುಜಾಳನ್ನು ಕರೆತಂದರು. ಹುಡುಗಿಯ ಕೆಳಗಿನ ಕೋರೆಹಲ್ಲೊಂದು ಹೊರಬರದೆ ಗದ್ದದ ಎಲುಬಿನೊಳಗೆ ಅಡ್ಡ ಮಲಗಿತ್ತು. ಪಕ್ಕದ ಹಲ್ಲಿನ ಬೇರನ್ನು ಅದು ಕೆಡಿಸುತ್ತಿದೆಯೇ ಎಂದು ನೋಡಬೇಕಿತ್ತು.

ಹುಡುಗಿಯ ಕೊರಳಲ್ಲಿ, ಬೆಳ್ಳಿಯ ಕರಡಿಗೆಯೊಳಗೆ, ಲಿಂಗವಿತ್ತು. ಅದು ಮೈಯನ್ನು ಅಗಲುವಂತಿಲ್ಲ. ಗಂಗಾರಾಮನ ಕೈ ತಾಗುವುದೂ ಗಿರಿಜಾಬಾಯಿಗೆ ಬೇಡ. ಬಾಯಿಬಿಟ್ಟು ಹೇಳಲಿಲ್ಲ, ಕಿರಣ ತಡೆಯುವ ಸೀಸದ ಕೊರಳಪಟ್ಟಿಯನ್ನು ತಾವೇ ಇಸಿದುಕೊಂಡರು. ಅವನೂ ಹೇಳಿಸಿಕೊಳ್ಳದೆ ಎರಡು ಹೆಜ್ಜೆ ಹಿಂದೆ ಸರಿದ. ಕರಡಿಗೆಯನ್ನು ಎದೆಯ ಕೆಳಗೆ ಇಳಿಬಿಡಲು ಹೇಳಿ ಹೊರಗೆ ಬಂದ. ಪಟ್ಟಿ ಕಟ್ಟಿ ಮುಗಿಸಿ ಗಿರಿಜಾಬಾಯಿಯೂ ಹೊರಬಂದರು.

ಯಂತ್ರದ ತೋಳು ಹುಡುಗಿಯ ಮುಖವನ್ನು ಒಂದು ಸುತ್ತು ಸುತ್ತಿತು.

ಆ ಚಿತ್ರವನ್ನು ಆಮೇಲೆ ಅವನು ತೋರಿಸಿದಾಗ ನಾನೂ ನೋಡಿದ್ದೇನೆ. ಗದ್ದದ ಕೆಳಗೆ ಬಿಳಿ ಉರಿ. ಅದರಿಂದ ಎದ್ದ ಕಪ್ಪು ಅಲಗುಗಳು ಎಲುಬನ್ನು ಸೀಳಿದ್ದವು. ಮುಂದಿನ ಹಲ್ಲುಗಳಿಗೆ ಬೇರೇ ಇರಲಿಲ್ಲ. ಯಾರೋ ಕೆಳಗಿನಿಂದ ಬಾಯಿ ಹಾಕಿ ಕಡಿದುಕೊಂಡಂತಿತ್ತು. ಗಾಜಿನಾಚೆ ಹುಡುಗಿ ಕಾಲಾಡಿಸುತ್ತ ಕೂತಿದ್ದಳು.

ಅತಿ ಸೂಕ್ಷ್ಮದ ಗುಂಡಿ ಒತ್ತಿ ಮತ್ತೊಮ್ಮೆ ತೆಗೆಯಲು ಸೌರಭ ಹೇಳಿದ. ಅಂದರೆ ಮೂರು ಪಟ್ಟು ಕಿರಣ. ಗಂಗಾರಾಮ ಒತ್ತಲಿಲ್ಲ.

"ಕಾಕಾ, ಫೋಟೋ ಚಂದ ಬರಬೇಕಂದ್ರ ಅಷ್ಟು ಕೊಡಬೇಕಾಗ್ತದ."

"ಕೊಟ್ರ ಈ ಉರೀನ ಚಂದ ಕಾಣ್ತದ್ರಿ ಸಾಹೇಬ್ರ. ಹಲ್ಲು ಕಾಣೂದಿಲ್ಲ."

ಪರದೆಗೆ ಪಟ್ಟಿಕೋಲು ಹಿಡಿದು ಕಪ್ಪು ಗೆರೆಗಳನ್ನು ಒಂದೊಂದಾಗಿ ಹಿಂಬಾಲಿಸಿದ. ಎಲ್ಲವೂ ಗದ್ದದ ಕೆಳಗೆ ಒಂದೇ ಕಡೆ ಸೇರಿದವು. ಅಲ್ಲಿ ಲೋಹವಿರಬೇಕು. ಗಿರಿಜಾಬಾಯಿಯನ್ನು ಕರೆದುಕೊಂಡು ಒಳಗೆ ಹೋಗಿ ಕೇಳಿದ. ಹೇಳಿದವಳು ಹುಡುಗಿ: ದೇವರಿಗೆ ಕಿರಣ ತಾಗಬಾರದೆಂದು ಅಜ್ಜಿ ಕರಡಿಗೆಯನ್ನು ಮೇಲೆತ್ತಿ ಪಟ್ಟಿಯೊಳಗೆ ತುರುಕಿದ್ದರು. ಪಟ್ಟಿ ಉಬ್ಬಿ ಗದ್ದಕ್ಕೆ ಏರಿತ್ತು. ಒಮ್ಮೆ ಕೈಯಾಡಿಸಿದ್ದರೆ ಗಂಗಾರಾಮನಿಗೆ ತಿಳಿಯುತ್ತಿತ್ತು.

"ಅವ್ವಾರ, ಲಿಂಗ ತಗದು ಪೂಜಾದಾಗ ಹಿಡಿದಂಗ ಎಡಗೈಯಾಗ ಹಿಡೀಲಿ. ಮೈ ಬಿಟ್ಟಂಗ ಆಗೂದಿಲ್ಲ," ಎಂದ. "ಈ ಸಲ ಪಟ್ಟಿ ನಾ ಕಟ್ತೇನ್ರಿ."

ಅವರು ಪಟ್ಟಿಯನ್ನು ಬಿಚ್ಚಿ ಕುರ್ಚಿಯ ಮೇಲಿಟ್ಟರು.

"ಕಟ್ಟಪಾ."

ಇಡೀ ದವಡೆ ಬಿಟ್ಟು, ಪ್ರಶ್ನೆ ಇದ್ದ ಎರಡು ಹಲ್ಲುಗಳಷ್ಟೇ ಜಾಗಕ್ಕೆ ಕಿರಣವನ್ನು ಕುಗ್ಗಿಸಿದ. ಜಾಗ ಸಣ್ಣದಾದಾಗ ಕಡಿಮೆ ಕಿರಣದಲ್ಲೇ ಸ್ಪಷ್ಟತೆ ಸಿಗುತ್ತದೆ. ಅಂಗೈಗೆ ಲಿಂಗ ಬಂದೊಡನೆ ಋತುಜಾ ಕಲ್ಲಾದಳು. ಎವೆ ಅಲುಗಲಿಲ್ಲ. ಉಸಿರಿದೆಯೇ ಎಂದು ಗಂಗಾರಾಮ ಗಾಜಿಗೆ ಹಣೆ ಹಚ್ಚಿ ನೋಡಿದ. ಯಂತ್ರ ನಿಂತ ಮೇಲೂ ಅವಳು ಹಾಗೆಯೇ ಇದ್ದಳು. ಹೆಸರು ಹಿಡಿದು ಎರಡು ಸಲ ಕೂಗಬೇಕಾಯಿತು.

ಪಕ್ಕದ ಹಲ್ಲಿನ ಬೇರು ಇಡಿಯಾಗಿತ್ತು. ಅಡ್ಡ ಹಲ್ಲಿನ ತುದಿ ಕೂದಲೆಳೆಯಷ್ಟು ದೂರದಲ್ಲಿ ನಿಂತಿತ್ತು.

ರಿಜಿಸ್ಟರಿನಲ್ಲಿ ಅವನು ಬರೆದ: ಎರಡು ಬಾರಿ, ಮೊದಲನೆಯದು ನನ್ನ ತಪ್ಪು.

ಹೊರಡುವಾಗ ಹುಡುಗಿ ಕೇಳಿದಳು: "ಕಾಕಾ, ಮೊದಲಿನ ಕಿರಣ ಎಲ್ಲಿ ಹೋತು?"

ಮಕ್ಕಳಿಗೆ ಸುಳ್ಳು ಹೇಳುವ ಅಭ್ಯಾಸ ಅವನಿಗಿಲ್ಲ.

"ಕಿರಣ ಹೋತವಾ. ಅದು ಮುಟ್ಟಿದ್ದು ಒಳಗ ಇರ್ತದ. ಭಾಳ ಸಣ್ಣದು. ಮುಂದ ಯಾರರ ಫೋಟೋ ತೆಗೀತೇನಿ ಅಂದ್ರ, ಎರಡು ಆಗ್ಯಾವ ಅಂತ ಮೊದಲ ಹೇಳು."

ಗಿರಿಜಾಬಾಯಿ, ಕರಡಿಗೆ ತುರುಕಿದ್ದ ಅದೇ ಕೈಯನ್ನು, ಮೊಮ್ಮಗಳ ಗದ್ದ ಸವರಲು ಚಾಚಿದರು. ತಾಗುವ ಮೊದಲೇ ಹಿಂದಕ್ಕೆ ತೆಗೆದುಕೊಂಡರು.