ಬಂಡೆಯ ಮೇಲಿನ ಕಾರಿ ಗಿಡ

ಜಿಲಾನಸಾಬ ಬಂದನೆಂದರೆ ಯಲಬುರ್ಗಿ ಸೀಮೆಯ ಹಳ್ಳಿಗಳಲ್ಲಿ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಸಿಡುಬು ಬಾರದಂತೆ ಮಕ್ಕಳ ತೋಳಿಗೆ ಚುಚ್ಚಿ ಲಸಿಕೆ ಹಾಕುವುದು ಅವನ ನೌಕರಿ. ಹಾಕಿಸಿಕೊಂಡ ಮಗುವಿಗೆ ಎರಡು ದಿನ ಜ್ವರ ಬರುತ್ತಿತ್ತು, ತೋಳು ಬಾತುಕೊಳ್ಳುತ್ತಿತ್ತು. ಅವನ ರುಮಾಲು ದೂರದಲ್ಲಿ ಕಂಡೊಡನೆ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಜೋಳದ ಹೊಲಕ್ಕೆ ಇಳಿದುಬಿಡುತ್ತಿದ್ದರು. ಅವನು ಕಟ್ಟೆಯ ಮೇಲೆ ಕುಳಿತು ಕಾಯುತ್ತಿದ್ದ. ಲಸಿಕೆಯ ಡಬ್ಬಿಗೆ ಸುತ್ತಿದ ಬಟ್ಟೆ ಒಣಗಿದರೆ ಮತ್ತೆ ನೀರು ಚಿಮುಕಿಸುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಗೌಡನೋ ತಳವಾರನೋ ನಾಲ್ಕು ಮಕ್ಕಳನ್ನು ಹಿಡಿದು ತಂದರೆ ಆ ದಿನದ ಕೆಲಸ ಆಯಿತು. ಹದಿನೇಳು ವರ್ಷ ಹೀಗೇ ನಡೆದಿದ್ದ. ಹಿಮ್ಮಡಿಗಳು ಸೀಳಿದ್ದವು. ಮಾತು ಕೂಡ ಕಡಿಮೆಯಾಗಿತ್ತು.

ಕಾಯುವ ಹೊತ್ತನ್ನು ಕಳೆಯಲು ಅವನಿಗೆ ಒಂದು ಚಟವಿತ್ತು, ಗಿಡ ನೋಡುವುದು. ಎಲ್ಲ ಗಿಡವನ್ನೂ ಅಲ್ಲ, ಕಾಫಿಯ ಕುಲದ ಗಿಡಗಳನ್ನು ಮಾತ್ರ.

ಇದನ್ನು ಹಚ್ಚಿಹೋದವರು ಹೈದರಾಬಾದಿನ ಕಾಲೇಜೊಂದರ ಪ್ರೊಫೆಸರರು. ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ಅವರು ಗಂಗಾವತಿಯ ಗುಡ್ಡಗಳಲ್ಲಿ ಗಿಡ ಕೂಡಿಸಲು ಬಂದಾಗ, ದಾರಿ ಬಲ್ಲವನೆಂದು ಕಚೇರಿಯವರು ಜಿಲಾನಸಾಬನನ್ನು ಹನ್ನೆರಡು ದಿನ ಜೊತೆಗೆ ಕಳಿಸಿದ್ದರು. ಪ್ರೊಫೆಸರರು ಮೂರು ಗುರುತು ಹೇಳಿಕೊಟ್ಟರು. ಎಲೆಗಳು ಎದುರುಬದುರಾಗಿ ಇರಬೇಕು. ಎರಡು ಎಲೆಗಳ ತೊಟ್ಟುಗಳ ನಡುವೆ, ಕಾಂಡಕ್ಕೆ ಅಂಟಿಕೊಂಡು, ಉಗುರಿನ ತುದಿಯಷ್ಟು ಚಿಕ್ಕ ಸಿಪ್ಪೆ ಇರಬೇಕು. ಕಾಯಿ ಹೂವಿನ ಒಳಗಲ್ಲ, ಹೂವಿನ ಕೆಳಗೆ ಕಟ್ಟಬೇಕು. ಮೂರೂ ಕೂಡಿದರೆ ಅದು ಕಾಫಿಯ ಬಳಗ. ಕಾಫಿ ಗಿಡವನ್ನು ಜಿಲಾನಸಾಬ ಆಗಲೂ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ. ಆದರೆ ದನಗಾಹಿಗಳು ತಿನ್ನುವ ಕಾರಿ ಹಣ್ಣಿನ ಮುಳ್ಳುಗಿಡ, ಅಂಟು ಕೊಡುವ ಬಿಕ್ಕಿ, ಬಿಳಿ ಗೊಂಚಲಿನ ಪಾವಟಿ, ಬಟ್ಟೆಗೆ ಕೆಂಪು ಬಣ್ಣ ಕೊಡುವ ಸುರಂಜಿ, ಇವೆಲ್ಲ ಒಂದೇ ಮನೆತನದವು ಎಂದು ತಿಳಿದ ದಿನ ಅವನಿಗೆ ನಿದ್ದೆ ಬಂದಿರಲಿಲ್ಲ. ದಿನಾ ಬೇರೆ ಬೇರೆ ಓಣಿಯಲ್ಲಿ ಕಾಣುತ್ತಿದ್ದವರು ಅಣ್ಣತಮ್ಮಂದಿರೆಂದು ಗೊತ್ತಾದ ಹಾಗೆ.

ಅಂದಿನಿಂದ ಹಳೆಯ ಉರ್ದು ಪತ್ರಿಕೆಗಳ ನಡುವೆ ಒಣಗಲು ಟೊಂಗೆ ಇಟ್ಟು, ಮೇಲೊಂದು ಹಲಗೆ, ಹಲಗೆಯ ಮೇಲೆ ಬೀಸುಕಲ್ಲು. ಹೆಂಡತಿ ಲಾಲಬೀಗೆ ಜೋಳ ಬೀಸಬೇಕೆಂದಾಗ ಕಲ್ಲು ಸಿಗುತ್ತಿರಲಿಲ್ಲ. ಗಿಡಕ್ಕೆ ಸಾವಿಲ್ಲ, ನಮಗೆ ರೊಟ್ಟಿಯಿಲ್ಲ ಎಂದು ಅವಳು ನೆರೆಯವರಿಗೆ ಹೇಳಿ ನಗುತ್ತಿದ್ದಳು.

ಯಲಬುರ್ಗಿಯಿಂದ ಮೂರು ಹರದಾರಿ ದೂರದ ಒಂದು ಸಣ್ಣ ಊರಿನ ಹಿಂದೆ ಬಂಡೆಯ ಗುಡ್ಡವಿದೆ. ಅದರ ಬಿರುಕುಗಳಲ್ಲಿ ಐದು ಪೊದೆಗಳು. ಮೂರೂ ಗುರುತು ಅವಕ್ಕಿದ್ದವು. ಕಾರಿಯಂತೆ ಮುಳ್ಳೂ ಇತ್ತು. ಆದರೆ ಎಲೆ ಮೆಂತ್ಯದ ಎಲೆಗಿಂತ ಚಿಕ್ಕದು, ಚರ್ಮದಂತೆ ದಪ್ಪ. ಮುಳ್ಳು ಎಲೆಯ ಮೂರುಪಟ್ಟು ಉದ್ದ. ಗಿಡ ಮೊಣಕಾಲು ದಾಟುತ್ತಿರಲಿಲ್ಲ. ಇಂಥ ಕಾರಿಯನ್ನು ಅವನು ಕೊಪ್ಪಳದ ಕಡೆಯಾಗಲಿ ಕುಷ್ಟಗಿಯ ಕಡೆಯಾಗಲಿ ಕಂಡಿರಲಿಲ್ಲ. ಎರಡು ವರ್ಷ ನೋಡಿ, ಮೂರನೆಯ ವರ್ಷ ಒಂದು ಟೊಂಗೆಯನ್ನು ಒಣಗಿಸಿ ಹೈದರಾಬಾದಿಗೆ ಕಳಿಸಿದ.

ಪ್ರೊಫೆಸರರ ಉತ್ತರ ಬಂತು. ಇದು ಕಾರಿಗಿಂತ ಬೇರೆ ಜಾತಿಯೇ ಇರಬಹುದು. ಆದರೆ ಹೂವೂ ಹಣ್ಣೂ ಒಂದೇ ಗಿಡದವು ಬೇಕು. ಬೇರೆಯೆಂದು ನಿಂತರೆ ಪುಸ್ತಕದಲ್ಲಿ ಗಿಡದ ವಿವರದ ಕೆಳಗೆ, ಇದನ್ನು ಮೊದಲು ಕಂಡವನು ಯಲಬುರ್ಗಿಯ ಜಿಲಾನಸಾಬ ಎಂದು ಅಚ್ಚಾಗುತ್ತದೆ. ಆ ಕಾಗದವನ್ನು ಅವನು ಲಸಿಕೆಯ ದಫ್ತರಿನೊಳಗೆ ಇಟ್ಟುಕೊಂಡು ಹಳ್ಳಿಯಿಂದ ಹಳ್ಳಿಗೆ ಹೊತ್ತ. ಯಾರಿಗೂ ತೋರಿಸಲಿಲ್ಲ. ಬಾಗಿಲು ಮುಚ್ಚಿದ ಓಣಿಗಳಲ್ಲಿ ಕುಳಿತಾಗ ಅದು ಒಳಗಿದೆ ಎಂಬುದೇ ಸಾಕಾಗುತ್ತಿತ್ತು.

ನಲವತ್ತೊಂದರ ಮೊದಲ ಮಳೆಗೆ ಐದು ಪೊದೆಗಳಲ್ಲಿ ಒಂದು ಮೈತುಂಬ ಹೂ ಬಿಟ್ಟಿತು. ಅವನು ಹೂವಿನ ಟೊಂಗೆ ಮುರಿದುಕೊಂಡ. ಹಣ್ಣಿನ ಕಾಲಕ್ಕೆ ಇದೇ ಗಿಡ ತಿಳಿಯಬೇಕಲ್ಲ ಎಂದು ರುಮಾಲಿನ ಹಸಿರು ಅಂಚನ್ನು ಹರಿದು ಅದರ ಬುಡಕ್ಕೆ ಕಟ್ಟಿದ. ಕೆಳಗಿನ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದ್ದು ಅವನ ಗಮನಕ್ಕೆ ಬರಲಿಲ್ಲ.

ಆ ಚಳಿಗಾಲ ಕಾರಟಗಿಯ ಕಡೆ ಸಿಡುಬು ಬಿತ್ತು. ಅವನನ್ನು ಅಲ್ಲಿಗೆ ಕಳಿಸಿದರು. ಮರುವರ್ಷವೂ ಬಿಡಲಿಲ್ಲ. ಬಂಡೆಯ ಗುಡ್ಡದ ಊರಿಗೆ ಮತ್ತೆ ಹೋದದ್ದು ನಲವತ್ತಮೂರರ ಕೊನೆಗೆ.

ಅಂದು ಯಾವ ಬಾಗಿಲೂ ಮುಚ್ಚಲಿಲ್ಲ. ಇಪ್ಪತ್ತಾರು ಮಕ್ಕಳು ಎಣ್ಣೆ ಹಚ್ಚಿದ ತಲೆಯಲ್ಲಿ ಸಾಲಾಗಿ ಕುಳಿತಿದ್ದರು. ಅವನಿಗೆ ತಾನು ಬೇರೆ ಊರಿಗೆ ಬಂದೆನೇ ಎನಿಸಿತು. ಊರಿನ ಹಿರಿಯ ಹೆಂಗಸು ಫಕೀರಮ್ಮ ನೀರು ತಂದುಕೊಟ್ಟು ಎಲ್ಲವನ್ನೂ ಹೇಳಿದಳು. ಹಿಂದಿನ ವರ್ಷ ಆಚೀಚಿನ ಎರಡು ಊರುಗಳಲ್ಲಿ ಸಿಡುಬು ಎದ್ದಿತ್ತು. ಇಲ್ಲಿ ಒಂದು ಕೂಸಿಗೂ ಬರಲಿಲ್ಲ. ಸಾಹೇಬರು ಗುಡ್ಡದ ಮೇಲೆ ಗಿಡಕ್ಕೆ ಬಟ್ಟೆ ಕಟ್ಟಿ ಬಂದೋಬಸ್ತ್ ಮಾಡಿ ಹೋಗಿದ್ದಾರೆಂದು ಅಂದೇ ಎಲ್ಲರಿಗೂ ತಿಳಿದಿತ್ತು. ಅದಕ್ಕೇ ಮನೆಗೊಂದು ದಿನದಂತೆ ಸರದಿ ಹಾಕಿಕೊಂಡು, ಬೇಸಿಗೆಯಲ್ಲೂ ತಪ್ಪದೆ, ಆ ಗಿಡಕ್ಕೆ ಕೊಡ ನೀರು ಹೊತ್ತಿದ್ದಾರೆ.

"ನಾ ಗುರುತಿಗೆ ಕಟ್ಟಿದ್ದೆ, ತಂಗಿ," ಎಂದ ಜಿಲಾನಸಾಬ.

"ಹೌದ್ರಿ, ಗುರುತಿಗೇ ಕಟ್ಟೀರಿ. ಸಿಡುಬಿನ ಅವ್ವಗ ಗುರುತು ಸಿಗಬೇಕಲ್ಲರಿ, ಈ ಊರಾಗ ಹೊಕ್ಕಬಾರದಂತ."

ಅವನು ಇಪ್ಪತ್ತಾರು ತೋಳುಗಳಿಗೂ ಚುಚ್ಚಿ ಮುಗಿಸಿ, ಕೈ ತೊಳೆದುಕೊಂಡು, ಗುಡ್ಡ ಹತ್ತಿದ. ಫಕೀರಮ್ಮ ಹಿಂದೆ ಬಂದಳು.

ನಾಲ್ಕು ಪೊದೆಗಳು ಹಾಗೇ ಇದ್ದವು, ಮೊಣಕಾಲೆತ್ತರ, ಮೆಂತ್ಯದೆಲೆ, ಉದ್ದ ಮುಳ್ಳು, ಅಲ್ಲೊಂದು ಇಲ್ಲೊಂದು ಹಣ್ಣು. ಐದನೆಯದರ ಬುಡಕ್ಕೆ ಹೊಲದ ಮಣ್ಣು ಹೊತ್ತು ತಂದು ಪಾತಿ ಮಾಡಿದ್ದರು. ಅದು ಅವನ ಎದೆಯವರೆಗೆ ಬೆಳೆದಿತ್ತು. ಮೈಮೇಲೆ ಬಳೆ, ಅರಿಷಿಣ ಹಚ್ಚಿದ ದಾರ, ಕುಪ್ಪಸದ ಚೂರುಗಳು. ಬುಡದಲ್ಲಿ ಅವನ ಹಸಿರು ಅಂಚು ಬಣ್ಣಗೆಟ್ಟು ಬಿಗಿದುಕೊಂಡಿತ್ತು. ಅವನು ಎಲೆಯನ್ನು ಹಿಡಿದು ನೋಡಿದ. ಹೆಬ್ಬೆರಳಿನಷ್ಟು ಅಗಲ, ತೆಳು, ಮೆತ್ತಗೆ. ಮುಳ್ಳು ಎಲೆಗಿಂತ ಗಿಡ್ಡ. ಹಳದಿ ಹಣ್ಣು ಎರಡು ಬೀಜದ್ದು, ತುದಿಯಲ್ಲಿ ಸಣ್ಣ ತಗ್ಗು. ಕೊಪ್ಪಳದ ಯಾವ ಬೇಲಿಯಲ್ಲಾದರೂ ಸಿಗುವ ಕಾರಿ ಹಣ್ಣು.

ಬೇರೆ ಜಾತಿಯಲ್ಲ. ಬಂಡೆಯ ಮೇಲೆ ಹೊಟ್ಟೆಗಿಲ್ಲದೆ ಕುಗ್ಗಿದ ಕಾರಿ. ಬುಡ ಒಂದೇ, ಬಟ್ಟೆ ತನ್ನದೇ. ಅವನು ಬಂಡೆಯ ಮೇಲೆ ಕುಳಿತುಬಿಟ್ಟ. ದುಃಖವೆನ್ನುವಷ್ಟು ಏನೂ ಆಗಲಿಲ್ಲ; ಹಿಮ್ಮಡಿಯ ನೋವು ಮಾತ್ರ ಎಂದಿಗಿಂತ ಹೆಚ್ಚು ತಿಳಿಯಿತು.

ಒಂದು ಟೊಂಗೆ ಮುರಿದುಕೊಳ್ಳಲೇ ಎಂದು ಕೇಳಿದ.

"ನಿಮ್ಮ ಗಿಡ, ನೀವು ಮುರಕೋರಿ. ನಮಗ್ಯಾಕ ಕೇಳತೀರಿ?" ಎಂದಳು ಫಕೀರಮ್ಮ. ಅವನು ಕೈ ಚಾಚಿದಾಗ, "ಕುಡುಗೋಲು ಹಚ್ಚಬ್ಯಾಡ್ರಿ ಮತ್ತ. ಕೈಲೆ ಮುರೀರಿ," ಎಂದಳು.

ಮನೆಯಲ್ಲಿ ಲಾಲಬೀ ಹೂವಿನ ಹಳೆಯ ಟೊಂಗೆ, ಹಣ್ಣಿನ ಹೊಸ ಟೊಂಗೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಳು. ಗಂಡ ಹೇಳಿದ್ದನ್ನೆಲ್ಲ ಕೇಳಿ, ಹಸಿದಾಗೊಂದು ಮುಖ ಉಂಡಾಗೊಂದು ಮುಖ ಮನುಷ್ಯರಿಗೂ ಇರುತ್ತದಲ್ಲ ಎಂದಳು. ಪುಸ್ತಕದಲ್ಲಿ ಅವನ ಹೆಸರು ಬರಬೇಕೆಂದು ಅವಳಿಗೂ ಆಸೆಯಿತ್ತು. ಅದಕ್ಕೇ ಇನ್ನೊಂದು ಮಾತು ಹೇಳಿದಳು: "ಬಾಜೂಕಿನ ನಾಕು ಗಿಡದಾಗ ಹಣ್ಣು ಇದ್ದಾವಲ್ಲರಿ. ಅವನ್ನ ಕಳಸರಿ. ನೀರು ಹಾಕಿದ್ದು ಯಾರು ನೋಡ್ಯಾರ?"

"ಊರೆಲ್ಲಾ ನೋಡೈತಿ," ಎಂದ ಜಿಲಾನಸಾಬ. "ನಾನೂ ನೋಡೀನಿ."

ಆದರೂ ನಾಲ್ಕು ದಿನ ಕಾಗದ ಬರೆಯಲಿಲ್ಲ. ಐದನೆಯ ದಿನ ಎರಡು ಟೊಂಗೆಗಳನ್ನೂ ಒಂದೊಂದು ಹಾಳೆಗೆ ಹೊಲಿದು ಕಟ್ಟಿ, ನಡೆದದ್ದನ್ನು ಉರ್ದುವಿನಲ್ಲಿ ಬರೆದು ಅಂಚೆಗೆ ಹಾಕಿದ. ಹಾಕಿ ಬಂದವನು ಹಗುರಾಗಿದ್ದ. ಮುಗಿಯಿತು ಎಂದುಕೊಂಡ.

ಮುಗಿದಿರಲಿಲ್ಲ. ಎಂಟು ತಿಂಗಳಿಗೆ ಉತ್ತರ ಬಂತು. ಪ್ರೊಫೆಸರರು ನಿವೃತ್ತರಾಗಿದ್ದರು, ಅವರ ಜಾಗದಲ್ಲಿದ್ದವರು ಬರೆದಿದ್ದರು. ಈ ಎರಡು ಹಾಳೆ ಒಂದೇ ಗಿಡದವು ಎಂಬುದು ನಂಬುವಂಥದಲ್ಲ. ಎರಡನೆಯದು ಬರೀ ಕಾರಿ. ಹಳ್ಳಿಯವರ ಗದ್ದಲದಲ್ಲಿ ತಪ್ಪಿ ಸೇರಿರಬೇಕು. ಅದನ್ನು ತೆಗೆದಿಟ್ಟಿದ್ದೇವೆ. ಮೊದಲನೆಯದನ್ನು ಹೊಸ ಜಾತಿಯೆಂದೇ ಅಚ್ಚಿಗೆ ಕೊಡಲಿದ್ದೇವೆ, ನಿಮ್ಮ ಹೆಸರಿನೊಂದಿಗೆ. ಒಪ್ಪಿಗೆಯ ಕಾಗದವನ್ನು ಲಗತ್ತಿಸಿದ್ದೇವೆ, ಸಹಿ ಮಾಡಿ ಕಳಿಸಿರಿ.

ಜಿಲಾನಸಾಬ ಆ ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು ಬಹಳ ಹೊತ್ತು ಪಡಸಾಲೆಯಲ್ಲಿ ಕುಳಿತ. ಮೊದಲ ಸಲ ಪುಸ್ತಕದ ಹೆಸರನ್ನು ಬಿಟ್ಟುಕೊಡುವಾಗ ಇಷ್ಟು ಕಷ್ಟವಿರಲಿಲ್ಲ. ಈಗ ಅವನು ಸುಳ್ಳು ಹೇಳಬೇಕಾಗಿರಲಿಲ್ಲ. ನಿಜವನ್ನು ಒಮ್ಮೆ ಹೇಳಿಯಾಗಿತ್ತು, ಅವರು ಒಪ್ಪಲಿಲ್ಲ. ಸುಮ್ಮನೆ ಒಂದು ಸಹಿ. ಲಾಲಬೀ ಅಡಿಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತ ನಿಂತಳು. ಮಸಿಯ ಬಾಟಲಿ ತಂದು ಅವನ ಪಕ್ಕಕ್ಕಿಟ್ಟು ಒಳಗೆ ಹೋದಳು.

ಅವನು ಒಪ್ಪಿಗೆಯ ಕಾಗದವನ್ನು ತಿರುಗಿಸಿದ. ಹಿಂದೆ ಖಾಲಿಯಿತ್ತು. ಅಲ್ಲಿ ಬರೆದ: ಗಿಡ ಒಂದೇ ಜನಾಬ್. ನಂಬಿಕೆ ಬಾರದಿದ್ದರೆ ಬೇಸಿಗೆಯಲ್ಲಿ ಬನ್ನಿರಿ, ತೋರಿಸುತ್ತೇನೆ. ಮೂರು ಹರದಾರಿ ನಡೆಯಬೇಕಾಗುತ್ತದೆ. ಅಲ್ಲಿಯವರೆಗೆ ನನ್ನ ಎರಡೂ ಹಾಳೆಗಳನ್ನು ಕಾರಿ ಗಿಡಗಳ ಕಟ್ಟಿನಲ್ಲೇ ಇಡಿರಿ.